ಅಂಕ ಹಾಕೋ ಮುಂಚೆ ಸರಿಯಾಗಿ ಕೇಳಿ



ಮಾನಸಿಕ ಕಾಯಿಲೆಯಿಂದ ಆದ ವೈಕಲ್ಯವನ್ನ ಅಳೆಯೋಕೆ ನಮ್ಮ ದೇಶದಲ್ಲಿ 'ಐಡಿಯಾಸ್' ಅನ್ನೋ ಮಾಪನ ಇದೆ. ತನ್ನನ್ನು ತಾನು ನೋಡಿಕೊಳ್ಳೋದು, ಜನರೊಂದಿಗೆ ಬೆರೆಯೋದು, ಮಾತು-ತಿಳುವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4 ಅಂಕ. ಕಾಯಿಲೆ ಎಷ್ಟು ಕಾಲ ಇತ್ತು ಅನ್ನೋದಕ್ಕೂ ಅಂಕ. ಒಟ್ಟು 20ರಲ್ಲಿ 7 ಬಂದರೆ ಶೇ. 40. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಉದ್ಯೋಗ ಮೀಸಲಾತಿಗೆ ಅದೇ ಗೆರೆ. 6 ಬಂದ್ರೆ ಬಾಗಿಲು ಮುಚ್ಚಿತು.

ಈ ಪ್ರಶ್ನೆಗಳನ್ನ ನಮ್ಮ ಕೇರಿಗಳಲ್ಲಿ ಕೇಳಿ ನೋಡಿ. "ಕೆಲಸಕ್ಕೆ ಹೋಗ್ತಾನಾ?" ಹೋಗ್ತಾನೆ, ಹೋಗದಿದ್ರೆ ಒಲೆ ಉರಿಯಲ್ಲ. ಆದರೆ ವಾರಕ್ಕೆ ಎರಡು ದಿನ, ಅದೂ ಅಣ್ಣ ಪಕ್ಕದಲ್ಲಿ ನಿಂತು ಮಾಡಿಸಿದ್ರೆ. ಬರೀ 'ಹೌದು' ಅಂತ ಬರೆದುಕೊಂಡ್ರೆ ಅಂಕ ಬಿತ್ತು. "ಜನರ ಜೊತೆ ಬೆರೀತಾಳಾ?" ಊರು ಮೊದಲೇ ದೂರ ಇಟ್ಟ ಹೆಣ್ಣುಮಗಳು ಈಗ ಸ್ವಂತ ನೆಂಟರನ್ನೂ ಬಿಟ್ಟು ಮೂಲೆ ಸೇರಿದ್ದಾಳೆ. 'ಇವರು ಇರೋದೇ ಹಂಗೆ' ಅಂದುಬಿಟ್ರೆ ಅವಳ ಕಾಯಿಲೆ ಕಾಣೋದೇ ಇಲ್ಲ.

ಮಾಪನ ಬೇಡ ಅಂತಿಲ್ಲ. ಅದಿಲ್ಲದಿದ್ರೆ 'ನೋಡೋಕೆ ಚೆನ್ನಾಗೇ ಇದ್ದಾನಲ್ಲ' ಅನ್ನೋದೇ ತೀರ್ಪಾಗುತ್ತೆ. ಮನೆಯವರನ್ನೂ ಕೇಳಬೇಕು ಅಂತ ಆ ಮಾಪನವೇ ಹೇಳುತ್ತೆ. ಕೇಳಿ ಅಂತಲೇ ನಮ್ಮ ಒತ್ತಾಯ.

ಗುಮಾಸ್ತನಾಗಿ ಒಂದು ಮಾತು: ಫೈಲಲ್ಲಿ ಬರೆಯದೇ ಇರೋದು ಸರ್ಕಾರದ ಪಾಲಿಗೆ ನಡೆದೇ ಇಲ್ಲ. ತಪಾಸಣೆಗೆ ಹೋಗುವಾಗ ಜೊತೆಗೆ ಬದುಕೋರು ಹೋಗಿ. ಎಷ್ಟು ದಿನ ಕೆಲಸ, ಸ್ನಾನ ಮಾಡಿಸೋರು ಯಾರು, ಮಾತು ಬಿಟ್ಟು ಎಷ್ಟು ತಿಂಗಳು, ಎಲ್ಲಾ ಬರೆದುಕೊಂಡು ಹೋಗಿ. ನಮ್ಮ ಸಂಘಟನೆಗಳ ಹುಡುಗರು ಒಬ್ಬೊಬ್ಬರ ಜೊತೆ ನಿಲ್ಲಲಿ.

ಕೇಳ್ತಿರೋದು ಭಿಕ್ಷೆ ಅಲ್ಲ, ಹಕ್ಕು.