ಅಳಿಸಿದ ಫೈಲು ತಿರಿಗಿ ಬರುವದೋ?

ಕಂಪ್ಯೂಟರಿನಿಂದಾಗಲಿ ಮೊಬೈಲಿನಿಂದಾಗಲಿ ಎಷ್ಟು ಜಾಗ್ರತೆಯಿಂದ ಅಳಿಸಿದರೂ ಬಲ್ಲವರ ಕೈಗೆ ಅದು ತಿರಿಗಿ ಸಿಕ್ಕಿಯೇ ಸಿಕ್ಕುವದೆಂಬ ಭಯವು ನಮ್ಮ ಮನೆಗಳಲ್ಲಿ ಹಬ್ಬಿದೆ. ಇನ್ನು ಕೆಲವರಾದರೋ ಡಿಲೀಟ್ ಎಂಬ ಗುಂಡಿಯನ್ನು ಒತ್ತಿದೊಡನೆ ಸಕಲವೂ ನಾಶವಾಯಿತೆಂದು ನಿಶ್ಚಿಂತರಾಗಿ ಹಳೆಯ ಯಂತ್ರವನ್ನು ಮಾರಿಬಿಡುತ್ತಾರೆ. ಈ ಎರಡೂ ತಪ್ಪೆಂಬದೂ ಎರಡನೆಯದೇ ಹೆಚ್ಚು ಅಪಾಯಕರವೆಂಬದೂ ನಮ್ಮ ಅಭಿಪ್ರಾಯ.

ಪುಸ್ತಕಭಂಡಾರದ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕಿದರೆ ಆ ಪುಸ್ತಕವು ಕಪಾಟಿನಿಂದ ಮಾಯವಾಗುವದುಂಟೇ? ಹಾರ್ಡ್ ಡಿಸ್ಕಿನಲ್ಲಿ ಸಾಧಾರಣವಾಗಿ ಅಳಿಸುವದೂ ಇಂಥದೇ. ಯಂತ್ರವು ಹೆಸರನ್ನು ತೆಗೆದು, ಸ್ಥಳವು ಬರಿದಾಗಿದೆಯೆಂದು ಗುರುತು ಹಾಕಿಕೊಳ್ಳುವದೇ ಹೊರತು ಬರೆದದ್ದನ್ನು ಉಜ್ಜುವದಿಲ್ಲ. ಅಮೇರಿಕದ ಎಂ.ಐ.ಟಿ. ವಿದ್ಯಾಲಯದ ಸಿಮ್ಸನ್ ಗಾರ್ಫಿಂಕಲ್, ಅಭಿ ಶೆಲಾಟ್ ಎಂಬ ಇಬ್ಬರು ಮಾರಾಟಕ್ಕೆ ಬಂದ 158 ಹಳೆಯ ಡಿಸ್ಕುಗಳನ್ನು ಕೊಂಡು, 2003ರಲ್ಲಿ ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಲ್ಪಟ್ಟವು ಹನ್ನೆರಡೇ!

ಹಾಗಾದರೆ ಹಳೆಯ ಬರಹದ ಮೇಲೆ ಹೊಸದನ್ನು ಬರೆದರೆ ಏನಾಗುವದು? ನ್ಯೂಜಿಲೆಂಡಿನ ಪೀಟರ್ ಗುಟ್ಮನ್ ಎಂಬ ವಿದ್ವಾಂಸನು 1996ರಲ್ಲಿ 35 ಬಾರಿ ಬರೆಯುವ ಒಂದು ಕ್ರಮವನ್ನು ಹೇಳಿದನು. ಅದು ಆ ಕಾಲದ ಹಾಗೂ ಅದಕ್ಕೂ ಹಿಂದಿನ ನಾನಾ ವಿಧದ ಡಿಸ್ಕುಗಳಿಗೆ ಒಟ್ಟಾಗಿ ಹೇಳಿದ್ದೇ ಹೊರತು, ಒಂದೊಂದಕ್ಕೂ 35 ಬಾರಿ ಬೇಕೆಂದಲ್ಲ. ಇದನ್ನು ಅವನೇ ತರುವಾಯ ಸ್ಪಷ್ಟಪಡಿಸಿದ್ದಾನೆ. ಅಮೇರಿಕದ ಸರಕಾರೀ ಸಂಸ್ಥೆಯಾದ ಎನ್.ಐ.ಎಸ್.ಟಿ. 2014ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಅಯಸ್ಕಾಂತ ಶಕ್ತಿಯಿಂದ ನಡೆಯುವ ಡಿಸ್ಕಿನ ಮೇಲೆ ಆದ್ಯಂತವಾಗಿ ಒಂದೇ ಸಾರಿ ಸೊನ್ನೆಗಳನ್ನು ಬರೆದರೂ ಸಾಮಾನ್ಯವಾಗಿ ಸಾಕು. ಹೀಗಿರಲಾಗಿ, ನಿಜವಾಗಿ ಉಜ್ಜಿದ್ದು ತಿರಿಗಿ ಬರುವದಿಲ್ಲ. ತಿರಿಗಿ ಬರುವದು ಉಜ್ಜದೆ ಬಿಟ್ಟದ್ದೇ.

ಎಸ್.ಎಸ್.ಡಿ.ಗಳ ರೀತಿ ಬೇರೆ. ಇವು ಹೊಸ ಬರಹವನ್ನು ಹಳೆಯದರ ಮೇಲೆ ಬರೆಯದೆ ಬೇರೆ ಸ್ಥಳದಲ್ಲಿ ಬರೆಯುತ್ತವೆ. 2011ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಶಾಖೆಯವರು ಪರೀಕ್ಷಿಸಲಾಗಿ, ಒಂದೊಂದೇ ಫೈಲನ್ನು ಭದ್ರವಾಗಿ ಅಳಿಸುವ ಉಪಾಯಗಳೆಲ್ಲವೂ ಇವುಗಳಲ್ಲಿ ನಿಷ್ಫಲವಾದವು. ಆದುದರಿಂದ ಇಲ್ಲಿ ಇಡೀ ಯಂತ್ರವನ್ನು ಅದರದೇ ವಿಧಾನದಿಂದ ಬರಿದುಮಾಡತಕ್ಕದ್ದು. ಈಚಿನ ಮೊಬೈಲುಗಳು ಎಲ್ಲವನ್ನೂ ಗುಪ್ತಲಿಪಿಯಲ್ಲಿಯೇ ಬರೆದಿಡುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಲಿಪಿಯ ಬೀಗದ ಕೈಯೇ ನಾಶವಾಗಿ, ಉಳಿದದ್ದು ಯಾರಿಗೂ ಅರ್ಥವಾಗದ ಅಕ್ಷರರಾಶಿಯಾಗುವದು. ಆದರೆ ಮೆಮೊರಿ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಇಷ್ಟಾದರೂ ಪ್ರತಿಗಳ ಮಾತು ಉಳಿಯಿತು. ಅಳಿಸಿದ ಚಿತ್ರವು ಐಫೋನಿನಲ್ಲಿ 30 ದಿವಸಗಳಾದರೂ, ಗೂಗಲ್ ಫೋಟೋಸಿಗೆ ಸೇರಿದ್ದಾದರೆ 60 ದಿವಸಗಳ ವರೆಗೂ ಬೇರೊಂದು ಬುಟ್ಟಿಯಲ್ಲಿರುವದು. ಸ್ನೇಹಿತೆಗೆ ಕಳುಹಿಸಿದ ಪ್ರತಿಯ ಮೇಲಾದರೋ ನಮ್ಮ ಯಾವ ಯಂತ್ರಕ್ಕೂ ಅಧಿಕಾರವಿಲ್ಲ.

ಇದನ್ನು ಹೆಣ್ಣುಮಕ್ಕಳಿಗೆ ಹೆದರಿಸಿ ಹೇಳುವದಕ್ಕಿಂತ ಕಲಿಸಿಕೊಡುವದು ಲೇಸು. ಅಳಿಸಿದ್ದೇನೂ ಅಳಿಯದೆಂದು ನಂಬಿದ ಬಾಲೆಯು, ನಿನ್ನ ಹಳೆಯ ಚಿತ್ರವನ್ನು ಹೊರತೆಗೆದಿದ್ದೇನೆಂದು ಬೆದರಿಸುವವನ ಬರಿಯ ಮಾತಿಗೇ ವಶಳಾಗುವಳು. ತಿಳಿದವಳೋ ಅವನ ಮಾತು ಸಾಧ್ಯವೋ ಅಸಾಧ್ಯವೋ ಎಂದು ವಿಚಾರಿಸಿ, ಸುಳ್ಳಾಗಲಿ ನಿಜವಾಗಲಿ, ಅವನಿಗೆ ಹಣ ಕೊಡದೆ ತಾಯಿಯ ಬಳಿಗೂ ಪೊಲೀಸರ ಬಳಿಗೂ ಹೋಗುವಳು. ಹಾಗೆ ಬಂದ ಮಗಳನ್ನು ಗದರಿಸದಿರುವದು ತಾಯಿತಂದೆಗಳ ಕರ್ತವ್ಯ. ನಾಚಿಕೆಯು ಬೆದರಿಸಿದವನದು, ಅವಳದಲ್ಲ.

ಅಕ್ಷರವನ್ನು ಕಲಿಸುವಾಗಲೇ ಸ್ಲೇಟನ್ನು ಒರಸುವದನ್ನೂ ಕಲಿಸುತ್ತೇವಷ್ಟೆ. ಈ ಹೊಸ ಸ್ಲೇಟನ್ನು ಒರಸುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ಕಲಿಸಿಕೊಡುವರೆಂದು ನಿರೀಕ್ಷಿಸುತ್ತೇವೆ.