ಲಾಸ್ಟ್ ಬೆಂಚ್ ಲೈಬ್ರರಿ – 11: ಅವಳು ಸೀಟ್ ಬದಲಾಯಿಸಿ ಅಂದಿದ್ದಳು

(1/4)

ಮೊದಲೇ ಹೇಳ್ಬಿಡ್ತೀನಿ, ಇದು ನನಗೆ ತುಂಬಾ ಇಷ್ಟವಾಗಿದ್ದ ಪುಸ್ತಕ. ಸೆಕೆಂಡ್ ಪಿಯುಸಿ ಎಕ್ಸಾಂ ಮುಗಿದ ವಾರ ಅಕ್ಕನ ಹಾಸ್ಟೆಲ್ ರೂಮಿಂದ ಎತ್ಕೊಂಡು ಬಂದು ಎರಡೇ ರಾತ್ರಿಯಲ್ಲಿ ಮುಗಿಸಿದ್ದೆ. ಕವರ್ ಮೇಲೆ ಆಕಾಶದಿಂದ ಬೀಳ್ತಿರೋ ರೆಕ್ಕೆಯ ಹುಡುಗ. ಅಷ್ಟು ಸಾಕಾಗಿತ್ತು ನನಗೆ 😄

ಬೆಕ್ಕಾ ಫಿಟ್ಜ್‌ಪ್ಯಾಟ್ರಿಕ್ ಬರೆದ ‘ಹಶ್, ಹಶ್’. ಬಂದಿದ್ದು 2009ರಲ್ಲಿ. ‘ಟ್ವೈಲೈಟ್’ ಓದಿದ ಹುಡುಗೀರೆಲ್ಲಾ ರಕ್ತಪಿಶಾಚಿ ಆದ್ಮೇಲೆ ಇನ್ನೇನು ಅಂತ ಹುಡುಕ್ತಿದ್ದ ಕಾಲ. ಆಗ ಬಂದವನು ಪ್ಯಾಚ್, ಸ್ವರ್ಗದಿಂದ ಹೊರಗೆ ಬಿದ್ದ ದೇವದೂತ. ನಮ್ಮ ಕಡೆ ಶಾಪ ತಗೊಂಡು ಭೂಮಿಗೆ ಬಿದ್ದ ಗಂಧರ್ವರ ಕಥೆ ಅಜ್ಜಿ ಹೇಳ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಇವನು ಜೀನ್ಸ್ ಹಾಕ್ತಾನೆ, ಬೈಕ್ ಓಡಿಸ್ತಾನೆ.

ಮೂಲ ಹಳೇದೇ. ಬೈಬಲ್‌ನ ಆದಿಕಾಂಡದ 6ನೇ ಅಧ್ಯಾಯದಲ್ಲಿ ನೆಫಿಲಿಮ್ ಅನ್ನೋರು ಬರ್ತಾರೆ. ‘ಹನೋಕನ ಪುಸ್ತಕ’ ಅನ್ನೋ ಪ್ರಾಚೀನ ಯೆಹೂದಿ ಗ್ರಂಥದಲ್ಲಿ 200 ದೇವದೂತರು ಭೂಮಿಯ ಹೆಣ್ಣುಗಳಿಗೆ ಮನಸೋತು ಹೆರ್ಮೋನ್ ಬೆಟ್ಟದ ಮೇಲೆ ಇಳೀತಾರೆ. ಅವರಿಗೆ ಹುಟ್ಟಿದ ಮಕ್ಕಳೇ ಆ ನೆಫಿಲಿಮ್. ಲೇಖಕಿ ಇದನ್ನ ತಗೊಂಡು ಅಮೆರಿಕಾದ ಮೇನ್ ರಾಜ್ಯದ ಕೋಲ್ಡ್‌ವಾಟರ್ ಅನ್ನೋ ಊರಿನ ಹೈಸ್ಕೂಲ್ ಬಯಾಲಜಿ ಕ್ಲಾಸಲ್ಲಿ ಕೂರಿಸಿದ್ದಾರೆ.

ಇವತ್ತು ಬರೀಬೇಕು ಅನ್ಸಿದ್ದು ಆ ಬಯಾಲಜಿ ಕ್ಲಾಸ್ ಬಗ್ಗೆನೇ.

(ಸ್ಪಾಯ್ಲರ್ ಇದೆ. ಓದ್ಬೇಕು ಅಂತಿರೋರು ಇಲ್ಲೇ ಸೇವ್ ಮಾಡಿ, ಆಮೇಲೆ ಬನ್ನಿ.)

(2/4)

ನೋರಾ ಗ್ರೇ ಹದಿನಾರು ವರ್ಷದ ಹುಡುಗಿ. ಅಪ್ಪನ ಕೊಲೆ ಆಗಿದೆ. ಅಮ್ಮ ಕೆಲಸಕ್ಕೆ ಅಂತ ಊರೂರು ಸುತ್ತಬೇಕು. ಅಂದ್ರೆ ಊರಾಚೆ ಮನೇಲಿ ಎಷ್ಟೋ ರಾತ್ರಿ ಇವಳೊಬ್ಬಳೇ. ಕ್ಲಾಸಲ್ಲಿ ಟೀಚರ್ ಇದ್ದಕ್ಕಿದ್ದಂಗೆ ಎಲ್ಲರ ಸೀಟ್ ಬದಲಾಯಿಸಿ, ಬೆಸ್ಟ್ ಫ್ರೆಂಡ್ ವೀ ಪಕ್ಕದಿಂದ ಎಬ್ಬಿಸಿ ಪ್ಯಾಚ್ ಪಕ್ಕ ಕೂರಿಸ್ತಾರೆ.

ಅವನಿಗೆ ಇವಳು ಹೇಳದೇ ಇರೋ ವಿಷಯಗಳೂ ಗೊತ್ತು. ಒಂದಿನ ಇಡೀ ಕ್ಲಾಸ್ ಮುಂದೆ ಪಾಠದ ಪ್ರಶ್ನೆಗೆ ಉತ್ತರ ಕೊಡೋ ನೆಪದಲ್ಲಿ ಇವಳ ಮೈಯನ್ನೇ ಉದಾಹರಣೆ ಮಾಡ್ತಾನೆ. ಇವಳಿಗೆ ಭಯ ಆಗುತ್ತೆ. ಭಯ ಅಂತ ಅವಳೇ ನಮಗೆ ಹೇಳ್ತಾಳೆ, ಯಾಕಂದ್ರೆ ಕಥೆ ಹೇಳ್ತಿರೋಳು ಅವಳೇ.

ಆಗ ಅವಳು ಮಾಡೋದು ನಾವು ಯಾರಾದರೂ ಮಾಡೋ ಕೆಲಸ. ಟೀಚರ್ ಹತ್ರ ಹೋಗಿ ಸೀಟ್ ಬದಲಾಯಿಸಿ ಅಂತ ಕೇಳ್ತಾಳೆ.

ಟೀಚರ್ ಆಗಲ್ಲ ಅಂತಾರೆ.

ಮೊದಲ ಸಲ ಓದುವಾಗ ನಾನಿದನ್ನ ಹೇಗೆ ಓದಿದ್ದೆ ಗೊತ್ತಾ? ‘ಅಬ್ಬಾ, ಸದ್ಯ!’ ಅಂತ. ಸೀಟ್ ಬದಲಾದ್ರೆ ಲವ್ ಸ್ಟೋರಿ ಎಲ್ಲಿಂದ ಬರುತ್ತೆ?

ಪ್ಯಾಚ್ ಅವಳ ಹಿಂದೆ ಬಿದ್ದಿದ್ದು ಲವ್‌ಗೆ ಅಲ್ಲ. ಅವಳನ್ನ ಬಲಿ ಕೊಟ್ಟರೆ ತಾನು ಮನುಷ್ಯ ಆಗಬಹುದು ಅನ್ನೋ ಲೆಕ್ಕ ಅದು. ಅಂದ್ರೆ ನೋರಾಗೆ ಆದ ಭಯ ನೂರಕ್ಕೆ ನೂರು ಸರಿ ಇತ್ತು! ಪುಸ್ತಕವೇ ಒಪ್ಕೊಳ್ಳುತ್ತೆ. ಒಪ್ಕೊಂಡೂ ನಮಗೆ ಹೇಳೋದು ಏನು? ಆ ಭಯದ ಕೆಳಗೆ ಇದ್ದಿದ್ದು ಪ್ರೀತಿ ಅಂತ.

ಅವನ ಮೇಲೂ ಅಯ್ಯೋ ಅನ್ಸುತ್ತೆ, ಸುಳ್ಳು ಹೇಳಲ್ಲ. ಈ ಕಥೆಯಲ್ಲಿ ಬಿದ್ದ ದೇವದೂತರಿಗೆ ಮುಟ್ಟಿದ್ದು ಮೈಗೆ ಗೊತ್ತಾಗಲ್ಲ. ಬೆನ್ನ ಮೇಲೆ ರೆಕ್ಕೆ ಕಿತ್ತ ಗಾಯದ ಗುರುತು. ಕೊನೆಗೆ ನೋರಾ ತಾನೇ ಪ್ರಾಣ ಕೊಡೋಕೆ ಮುಂದಾದಾಗ ಅವನು ಆ ಬಲಿ ಬೇಡ ಅಂತಾನೆ. ಮನುಷ್ಯನಾಗೋ ಆಸೆ ಬಿಟ್ಟು ಅವಳನ್ನ ಬದುಕಿಸಿ, ಅವಳ ಕಾವಲು ದೇವದೂತ ಆಗ್ತಾನೆ. ಅಲ್ಲಿ ನಾನು ಅತ್ತಿದ್ದೆ.

ಆದರೆ ಬಿಕಾಂ ಓದೋರಿಗೆ ಒಂದು ಮಾತು ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಎಂಟ್ರಿಗಳೆಲ್ಲಾ ಸರಿ ಇವೆ ಅಂತಲ್ಲ. ಒಂದು ಕಡೆ ತಪ್ಪು, ಇನ್ನೊಂದು ಕಡೆ ಅಷ್ಟೇ ತಪ್ಪು ಆದ್ರೂ ಟೋಟಲ್ ಕೂಡುತ್ತೆ. ಕಾಂಪೆನ್ಸೇಟಿಂಗ್ ಎರರ್ ಅಂತಾರೆ. ಕೊನೆಯ ಪುಟದಲ್ಲಿ ಅವನು ಮಾಡಿದ ತ್ಯಾಗ ದೊಡ್ಡದು ಅಂತ ಮೊದಲ ನೂರು ಪುಟದ ಎಂಟ್ರಿ ಸರಿ ಹೋಗಲ್ಲ.

(3/4)

ಈಗ ಇದನ್ನ ಯಾಕೆ ಬರೀತಿದೀನಿ ಅಂದ್ರೆ.

ಹೋದ ವರ್ಷ ನನ್ನ ಫ್ರೆಂಡ್ ಒಬ್ಬಳು (ಅವಳನ್ನ ಕೇಳಿಯೇ ಬರೀತಿದೀನಿ, ಹೆಸರು ಹಾಕಲ್ಲ) ಕ್ಯಾಂಟೀನಲ್ಲಿ ಮೆಲ್ಲಗೆ ಹೇಳಿದ್ಲು: ‘ಲೇ, ಆ ಸೀನಿಯರ್ ದಿನಾ ನನ್ನ ಬಸ್ಸಿಗೇ ಹತ್ತತಾನೆ ಕಣೇ. ಅವನ ಊರು ಈ ಕಡೆ ಅಲ್ಲವೇ ಅಲ್ಲ.’

ನಾನು ಏನಂದೆ ಗೊತ್ತಾ?

‘ಅಯ್ಯೋ, ಅವನು ನಿನ್ನ ಪ್ಯಾಚ್ ಕಣೇ!’

ಅಂದು ನಕ್ಕೆ. ಟೇಬಲ್‌ನಲ್ಲಿ ಇದ್ದವರೆಲ್ಲಾ ನಕ್ಕರು. ಅವಳೂ ನಕ್ಕಳು. ಆ ನಗು ಈಗ ನೆನಪಾದ್ರೆ ಹೊಟ್ಟೆ ಒಳಗೆ ಏನೋ ಆಗುತ್ತೆ.

ಆಮೇಲೆ ನಮ್ಮ ಹತ್ರ ಆ ವಿಷಯ ಎತ್ತಲೇ ಇಲ್ಲ. ಎರಡು ತಿಂಗಳು. ನಾಲ್ಕೂವರೆ ಬಸ್ ಬಿಟ್ಟು ಆರು ಗಂಟೆ ಬಸ್ಸಿಗೆ ಹೋಗೋಕೆ ಶುರು ಮಾಡಿದ್ಲು. ಮನೇಲಿ ಲೇಟ್ ಯಾಕೆ ಅಂತ ಬೈಸ್ಕೊಂಡ್ಲು. ಟ್ಯಾಲಿ ಕ್ಲಾಸ್ ಬಿಟ್ಟಳು. ಓದೋಕೆ ಮನಸ್ಸಿಲ್ಲ ಅಂತ ನಾವು ಅಂದ್ಕೊಂಡ್ವಿ. ಒಬ್ಬ ಲೆಕ್ಚರರ್ ಹತ್ರ ಹೇಳಿಕೊಂಡಿದ್ದಳಂತೆ. ‘ಇದೆಲ್ಲಾ ಈ ವಯಸ್ಸಲ್ಲಿ ಇರೋದೇ, ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಅಂದ್ರಂತೆ.

ನಮಗೆ ಗೊತ್ತಾಗಿದ್ದು ಅವನು ಅವಳ ಮನೆ ಬೀದಿವರೆಗೂ ಬಂದ ದಿನ.

ಮೊನ್ನೆ ಮತ್ತೆ ಆ ಪುಸ್ತಕ ತೆಗೆದೆ. ಸೀಟ್ ಬದಲಾಯಿಸಿ ಅನ್ನೋ ಆ ಪುಟಕ್ಕೆ ಬಂದು ನಿಂತುಬಿಟ್ಟೆ. ಕೇಳಿಸ್ಕೊಳ್ಳದೇ ಇರೋ ಟೀಚರ್ ಇದ್ದಾರೆ. ಕಥೆ ಮುಂದುವರೀಲಿ ಅಂತ ಕಾಯ್ತಿರೋ ಓದುಗಳು ಇದ್ದಾಳೆ. ಕ್ಯಾಂಟೀನ್ ಟೇಬಲ್‌ನಲ್ಲಿ ಆ ಓದುಗಳು ನಾನೇ.

ಪುಸ್ತಕದ ಹೆಸರಿನ ಅರ್ಥ ಏನು ಹೇಳಿ? ‘ಶ್... ಸುಮ್ನಿರು.’

(4/4)

‘ಕಥೆ ಕಥೆ ಅಷ್ಟೇ, ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ’ ಅಂತ ಡಿಎಂ ಬರುತ್ತೆ ಅಂತ ಗೊತ್ತು. ಅರ್ಧ ಒಪ್ತೀನಿ. ಹುಡುಗೀರು ಓದೋ ಪುಸ್ತಕ ಅಂದ್ರೆ ಸಾಕು, ಬೈಯೋಕೆ ಎಲ್ಲರೂ ರೆಡಿ. ಹೀರೋಯಿನ್ ಹಿಂದೆ ಮೂರು ಹಾಡು ಸುತ್ತೋ ಹೀರೋಗೆ ಥಿಯೇಟರಲ್ಲಿ ಶಿಳ್ಳೆ ಹೊಡೆಯೋರೂ ಬೈತಾರೆ. ಆ ಗುಂಪಿಗೆ ನಾನು ಸೇರಲ್ಲ. ಯಾರೂ ಇದನ್ನ ಓದ್ಬಾರದು ಅಂತಾನೂ ಹೇಳ್ತಿಲ್ಲ. ಭಯದಲ್ಲಿ ಒಂದು ಮಜಾ ಇದೆ, ಅದಕ್ಕೇ ದೆವ್ವದ ಸಿನಿಮಾಗೆ ಹೋಗ್ತೀವಿ.

ಆದರೆ ವ್ಯತ್ಯಾಸ ಇಷ್ಟೇ. ನನಗೆ ಭಯ ಜಾಸ್ತಿ ಆದ್ರೆ ಪುಸ್ತಕ ಮುಚ್ಚಿ ಅಮ್ಮನ ಪಕ್ಕ ಹೋಗಿ ಮಲಗಬಹುದಿತ್ತು. ಅವಳಿಗೆ ಮುಚ್ಚೋಕೆ ಪುಸ್ತಕ ಇರ್ಲಿಲ್ಲ. ಬಸ್ ಇತ್ತು.

ಇನ್ನೊಂದು. ಪ್ಯಾಚ್ ಒಳಗೆ ಏನಿದೆ ಅಂತ ತಿಳಿಯೋಕೆ ನೋರಾಗೆ ಒಂದು ದಾರಿ ಇದೆ. ಅವನ ಬೆನ್ನಿನ ಗಾಯ ಮುಟ್ಟಿದ್ರೆ ಅವನ ನೆನಪುಗಳ ಒಳಗೇ ಹೋಗಬಹುದು. ನಮ್ಮ ಹಿಂದೆ ಬರೋರ ಬೆನ್ನಲ್ಲಿ ಅಂಥದ್ದೇನೂ ಇರಲ್ಲ. ‘ಒಳಗಡೆ ಒಳ್ಳೆಯವನು’ ಅಂತ ಚೆಕ್ ಮಾಡೋ ಕೆಲಸ ನಮ್ಮದೂ ಅಲ್ಲ. ನಮಗೆ ಕಾಣೋದು ಅವನು ಏನ್ ಮಾಡ್ತಿದಾನೆ ಅನ್ನೋದು ಮಾತ್ರ. ಅಷ್ಟರ ಮೇಲೇ ನಿರ್ಧಾರ ಮಾಡಬಹುದು.

ಕಾನೂನು ನೋಡೋದೂ ಅದನ್ನೇ. ಈ ಪುಸ್ತಕ ಬಂದಾಗ ನಮ್ಮ ದೇಶದಲ್ಲಿ ಹಿಂಬಾಲಿಸೋದಕ್ಕೆ ಅಂತಾನೇ ಒಂದು ಸೆಕ್ಷನ್ ಇರ್ಲಿಲ್ಲ. 2013ರಲ್ಲಿ 354ಡಿ ಬಂತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78. ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬಂದ್ರೆ, ಮಾತಾಡಿಸೋಕೆ ನೋಡಿದ್ರೆ, ಆನ್‌ಲೈನಲ್ಲಿ ಕಣ್ಣಿಟ್ರೆ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಆಗಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ನನ್ನ ಫ್ರೆಂಡ್ ಈಗ ಚೆನ್ನಾಗಿದಾಳೆ. ಅವಳ ಅಪ್ಪ, ನಾವು ನಾಲ್ಕು ಜನ, ಎಲ್ಲಾ ಹೋಗಿ ಲಿಖಿತವಾಗಿ ದೂರು ಕೊಟ್ಟ ಮೇಲೆ ಅವನು ನಿಂತ. ನಾನು ಸಾರಿ ಕೇಳಿದೆ. ‘ನೀನು ಅವತ್ತು ನಗದೇ ಇದ್ದಿದ್ರೆ ಅವತ್ತೇ ಎಲ್ಲಾ ಹೇಳ್ತಿದ್ದೆ ಕಣೇ’ ಅಂದ್ಲು. ಬೈದಿದ್ರೂ ಇಷ್ಟು ತಾಗ್ತಿರ್ಲಿಲ್ಲ.

ಅದಕ್ಕೇ ಕೇಳ್ಕೊಳ್ತೀನಿ. ಪ್ಯಾಚ್‌ನ ಬೇಕಾದ್ರೆ ಪ್ರೀತಿಸಿ, ಪುಸ್ತಕದ ಒಳಗೆ. ಆದರೆ ನಿಮ್ಮ ಪಕ್ಕ ಕೂತ ಹುಡುಗಿ ‘ನನಗೆ ಭಯ ಆಗ್ತಿದೆ’ ಅಂದ್ರೆ ಅದಕ್ಕೆ ಬೇರೆ ಹೆಸರು ಇಡಬೇಡಿ. ಮೊದಲು ಅವಳ ಸೀಟ್ ಬದಲಾಯಿಸಿ. ಉಳಿದ ಮಾತು ಆಮೇಲೆ.

ನೀವು ಹೀಗೆ ನಕ್ಕು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದು ಇದೆಯಾ? ಅಥವಾ ನೀವು ಹೇಳಿದ್ದನ್ನ ಯಾರಾದರೂ ಹೀಗೆ ನಗಾಡಿದ್ರಾ? ಕಾಮೆಂಟಲ್ಲಿ ಹೇಳೋಕೆ ಆಗದಿದ್ರೆ ಡಿಎಂ ಮಾಡಿ. ನಾನು ನಗಲ್ಲ. 🖤

#ಲಾಸ್ಟ್‌ಬೆಂಚ್‌ಲೈಬ್ರರಿ #ಹಶ್‌ಹಶ್ #ಕನ್ನಡದಲ್ಲಿಪುಸ್ತಕಮಾತು