ಬಾಯಿಮಾತಿನ ವಯೋಮಿತಿ ಬೇಡ



ಎಪ್ಪತ್ತೈದು ದಾಟಿದವರು ಅಧಿಕಾರ ಬಿಡಬೇಕೇ ಎಂಬ ಚರ್ಚೆ ಆಗಾಗ ಏಳುತ್ತದೆ, ಆ ವಯಸ್ಸಿಗೆ ಕಸುವು ಉಳಿದಿರುತ್ತದೆಯೇ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ನನ್ನ ತಕರಾರು ಬೇರೆ. 2014ರಲ್ಲಿ ಅಡ್ವಾಣಿ, ಜೋಶಿ ಅವರನ್ನು ಮಾರ್ಗದರ್ಶಕ ಮಂಡಳಿಗೆ ಕಳಿಸಿದಾಗ ಬಿಜೆಪಿಯಲ್ಲಿ ಇಂಥದೊಂದು ನಿಯಮವಿದೆ ಎಂದೇ ಜನ ತಿಳಿದರು. 2024ರಲ್ಲಿ ಮೋದಿಯವರ ವಯಸ್ಸಿನ ಪ್ರಶ್ನೆ ಎದ್ದಾಗ, ಪಕ್ಷದ ಸಂವಿಧಾನದಲ್ಲಿ ಅಂಥದ್ದೇನೂ ಇಲ್ಲ ಎಂದು ಅಮಿತ್ ಶಾ ಹೇಳಿದರು. ನಮ್ಮ ಯಡಿಯೂರಪ್ಪನವರನ್ನೇ ನೋಡಿ: 2019ರಲ್ಲಿ 76ನೇ ವಯಸ್ಸಿಗೆ ಮುಖ್ಯಮಂತ್ರಿ, 78ಕ್ಕೆ ರಾಜೀನಾಮೆ. ವಯಸ್ಸೇ ಅಡ್ಡಿಯಾಗಿದ್ದರೆ ಮರುವರ್ಷ, 79ಕ್ಕೆ, ಪಕ್ಷದ ಸಂಸದೀಯ ಮಂಡಳಿಯಲ್ಲಿ ಜಾಗ ಸಿಕ್ಕಿದ್ದು ಹೇಗೆ? ಬರೆದಿಟ್ಟುಕೊಂಡವರ ಕಥೆಯೂ ಅಷ್ಟಕ್ಕಷ್ಟೆ. ಕೇಂದ್ರ ಸಮಿತಿಗೆ 75ರ ಮಿತಿ ಹಾಕಿಕೊಂಡ ಸಿಪಿಎಂ, ಪಿಣರಾಯಿ ವಿಜಯನ್ ಅವರಿಗೆ ವಿನಾಯಿತಿ ಕೊಟ್ಟಿತು. ಬೇಡವಾದವರಿಗೆ ಅನ್ವಯಿಸಿ, ಬೇಕಾದವರಿಗೆ ಸಡಿಲಿಸುವ ಮಿತಿ ಹೈಕಮಾಂಡ್ ಕೈಯ ದೊಣ್ಣೆಯಷ್ಟೆ.

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ, ಹೈಕೋರ್ಟಿನವರು 62ಕ್ಕೆ ನಿವೃತ್ತರಾಗುತ್ತಾರೆ. ಅವರಲ್ಲಿ ಚುರುಕಾದವರು ಎಷ್ಟೋ ಮಂದಿ. ಆದರೂ ಆ ದಿನ ಬಂದಾಗ ಅವರ ಬುದ್ಧಿ ಮಂಕಾಗಿದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸುವ ಅಧಿಕಾರ ಯಾರಿಗೂ ಇಲ್ಲದಿರುವುದೇ ಆ ವ್ಯವಸ್ಥೆಯ ಬಲ. ಹಾಗಾಗಿ 'ಎಂಬತ್ತರ ಗಟ್ಟಿಗರಿದ್ದಾರೆ, ಐವತ್ತಕ್ಕೇ ಸುಸ್ತಾದವರೂ ಇದ್ದಾರೆ' ಎಂಬ ವಾದ ನಿಜವಾದರೂ ಇಲ್ಲಿಗೆ ಹೊಂದುವುದಿಲ್ಲ.

ಜನರೇ ಆರಿಸಿದವರನ್ನು ತಡೆಯುವುದು ಸರಿಯೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದಕ್ಕೇ ಶಾಸಕ, ಸಂಸದ ಸ್ಥಾನಕ್ಕೆ ಮೇಲ್ಮಿತಿ ಬೇಡವೆಂದೇ ನಾನೂ ಹೇಳುತ್ತೇನೆ. ದೇವೇಗೌಡರು 87ಕ್ಕೆ ರಾಜ್ಯಸಭೆಗೆ ಹೋದರೆ ಸದನಕ್ಕೆ ನಷ್ಟವೇನಿಲ್ಲ, ಅನುಭವದ ಮಾತು ಸಿಗುತ್ತದೆ. ಆದರೆ ಮತದಾರ ಮುದ್ರೆ ಒತ್ತುವುದು ತನ್ನ ಕ್ಷೇತ್ರದ ಅಭ್ಯರ್ಥಿಗೆ. ಮುಖ್ಯಮಂತ್ರಿ ಯಾರೆಂಬುದು ಎಷ್ಟೋ ಸಲ ತೀರ್ಮಾನವಾಗುವುದು ಫಲಿತಾಂಶದ ನಂತರ, ದೆಹಲಿಯಲ್ಲಿ. ಮಿತಿ ಬೇಕಿರುವುದು ಅಂಥ ಹುದ್ದೆಗಳಿಗೆ. ಮೊರಾರ್ಜಿ ದೇಸಾಯಿ 81ಕ್ಕೆ ಪ್ರಧಾನಿಯಾಗಿ, ತುರ್ತುಪರಿಸ್ಥಿತಿಯ ಗಾಯ ಮಾಯಿಸುವ 44ನೇ ತಿದ್ದುಪಡಿ ತಂದರಲ್ಲ ಎನ್ನಬಹುದು. ತಂದದ್ದು ಹೌದು. ಆದರೆ 1977ರಲ್ಲಿ ಅವರೊಬ್ಬರೇ ಇರಲಿಲ್ಲ. 74ರ ಚರಣ್ ಸಿಂಗ್, 68ರ ಜಗಜೀವನ್ ರಾಮ್ ಪಕ್ಕದಲ್ಲೇ ಇದ್ದರು.

ಸಂವಿಧಾನ ಕೆಳಮಿತಿಯನ್ನು ಸ್ಪಷ್ಟವಾಗಿ ಬರೆದಿದೆ: ಲೋಕಸಭೆ, ವಿಧಾನಸಭೆಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35. ಇಪ್ಪತ್ನಾಲ್ಕರ ಪ್ರತಿಭಾವಂತನಿಗೆ ಇಲ್ಲದ ರಿಯಾಯಿತಿ ಎಂಬತ್ತರ ನಾಯಕನಿಗೆ ಯಾಕೆ? ಕೇಂದ್ರ ಸಚಿವರ ನೇಮಕ ಹೇಳುವ ವಿಧಿಯ ಸಂಖ್ಯೆಯೂ, ಕಾಕತಾಳೀಯವೆಂಬಂತೆ, 75. ರಾಜ್ಯಗಳಿಗೆ 164ನೇ ವಿಧಿ ಇದೆ. 75 ವರ್ಷ ದಾಟಿದವರನ್ನು ಪ್ರಧಾನಿ, ಮುಖ್ಯಮಂತ್ರಿ, ಸಚಿವರಾಗಿ ನೇಮಿಸುವಂತಿಲ್ಲ ಎಂಬ ಒಂದು ಸಾಲನ್ನು ಎರಡಕ್ಕೂ ಸೇರಿಸಲಿ, ವಿನಾಯಿತಿಗೆ ಜಾಗವಿಡದೆ. ಅದಕ್ಕೆ ಧೈರ್ಯವಿಲ್ಲದಿದ್ದರೆ ಪಕ್ಷಗಳು 75ರ ಮಾತನ್ನು ಎತ್ತುವುದನ್ನೇ ಬಿಡಲಿ.

– ಓದುಗ, ತುಮಕೂರು